ಬ್ಯಾಡಗಿಯ ಬಣ್ಣ, ಪುಣೆಯ ಉಗುರು

ಬ್ಯಾಡಗಿ ಎಂದೊಡನೆ ನೆನಪಿಗೆ ಬರುವುದು ಮೆಣಸಿನಕಾಯಿ. ಅದೂ ಖಾರಕ್ಕಲ್ಲ, ಬಣ್ಣಕ್ಕೆ. ಹಾವೇರಿ ಜಿಲ್ಲೆಯ ಈ ತಾಲ್ಲೂಕು ಕೇಂದ್ರಕ್ಕೆ ಜನವರಿಯಿಂದ ಏಪ್ರಿಲ್‌ವರೆಗೆ ಯಾವಾಗ ಬಂದರೂ ಮೊದಲು ಸ್ವಾಗತಿಸುವುದು ಘಾಟು, ಅನಂತರ ಕೆಂಪು. ಮಾರುಕಟ್ಟೆಯ ಪ್ರಾಂಗಣದಲ್ಲಿ ಚೀಲಗಳ ಸಾಲು, ಅಂಗಡಿಗಳ ಮುಂದೆ ಸುರಿದ ರಾಶಿ, ಚೀಲ ಹೊತ್ತು ಓಡಾಡುವ ಹಮಾಲರು, ಸೀನುತ್ತಲೇ ದರ ಕೇಳುವ ಹೊಸಬರು! ಊರಿನವರಿಗೆ ಮಾತ್ರ ಸೀನು ಬರುವುದಿಲ್ಲ.

ಇಲ್ಲಿನ ಕಾಯಿಯಲ್ಲಿ ಎರಡು ಬಗೆ. ಗಿಡ್ಡಗೆ, ದಪ್ಪಗೆ ಇರುವುದು ‘ಡಬ್ಬಿ’. ಉದ್ದಗೆ, ತೆಳ್ಳಗೆ, ಸುಕ್ಕುಸುಕ್ಕಾಗಿರುವುದು ‘ಕಡ್ಡಿ’. ಎರಡರಲ್ಲೂ ಖಾರ ಕಡಿಮೆ, ಬಣ್ಣ ಗಾಢ. ಸಾರಿಗೆ ಎರಡು ಕಾಯಿ ಹಾಕಿದರೆ ಸಾಕು, ಪಾತ್ರೆಯೆಲ್ಲ ಕೆಂಪೇರುತ್ತದೆ. ತೊಟ್ಟು ತೆಗೆದು, ಪುಡಿ ಮಾಡಿ, ದ್ರಾವಕದಲ್ಲಿ ನೆನೆಸಿ, ಆ ದ್ರಾವಕವನ್ನು ಆವಿಯಾಗಿಸಿದರೆ ಉಳಿಯುವುದು ಮಂದವಾದ ಕಡುಗೆಂಪು ಸತ್ವ. ಇದನ್ನು ಓಲಿಯೋರೆಸಿನ್ ಎನ್ನುತ್ತಾರೆ. ಮಸಾಲೆ ಪದಾರ್ಥಗಳಿಗೆ, ತಿಂಡಿತಿನಿಸುಗಳಿಗೆ ಬಣ್ಣ ಕೊಡುವುದು ಇದರ ಮುಖ್ಯ ಕೆಲಸ. ತುಟಿಬಣ್ಣ, ಉಗುರುಬಣ್ಣಗಳಿಗೂ ಬಳಸುವುದುಂಟು. ಅಂಗಡಿಯಲ್ಲಿ ಸಿಗುವ ಪ್ರತಿ ಶೀಶೆಯಲ್ಲೂ ಬ್ಯಾಡಗಿ ಇದೆ ಎಂದಲ್ಲ. ಆದರೆ ಈ ಊರಿಗೂ ದೂರದ ನಗರದ ಯಾರದೋ ಉಗುರಿಗೂ ನಂಟು ಇದೆ ಎಂಬುದು ಸುಳ್ಳಲ್ಲ.

ಪರಭಾರೆಯಾಗದ ಹೆಸರು

ಈ ಪೇಟೆಗೆ ಬರುವ ಮಾಲೆಲ್ಲ ಬ್ಯಾಡಗಿಯ ಹೊಲದ್ದೇ ಎಂದು ತಿಳಿದರೆ ತಪ್ಪಾದೀತು. ಬಳ್ಳಾರಿ, ರಾಯಚೂರು, ಆಂಧ್ರದ ಕರ್ನೂಲು ಕಡೆಯಿಂದಲೂ ಲಾರಿಗಟ್ಟಲೆ ಕಾಯಿ ಬರುತ್ತದೆ. ರಾಜ್ಯದ ಗಡಿ ದಾಟಿ ಬರುವುದಕ್ಕೆ ಮೆಣಸಿನಕಾಯಿಗೆ ಯಾರ ಅಪ್ಪಣೆಯೂ ಬೇಕಿಲ್ಲ. ಆದರೆ ಹೆಸರಿನ ಮಾತು ಬೇರೆ. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಅದಕ್ಕೆ ಆಧಾರವಾದ 1999ರ ಕಾಯ್ದೆಯಲ್ಲಿ ಒಂದು ಸ್ವಾರಸ್ಯದ ಕಟ್ಟಳೆ ಇದೆ. ಈ ಹಕ್ಕನ್ನು ಮಾರುವಂತಿಲ್ಲ, ಅಡವಿಡುವಂತಿಲ್ಲ, ಇನ್ನೊಬ್ಬರಿಗೆ ವರ್ಗಾಯಿಸುವಂತಿಲ್ಲ. ಹೆಸರು ಮಣ್ಣಿಗೆ ಅಂಟಿಕೊಂಡಿದೆ. ಕಾಯಿ ಎಲ್ಲಿಗೆ ಬೇಕಾದರೂ ಹೋಗಲಿ, ಹೆಸರಿನ ಹಕ್ಕು ಇಲ್ಲೇ ಇರುತ್ತದೆ.

ಕಾಯಿಯ ಕಥೆ ಹೀಗೆ. ಕೈಕಸುಬು ಕಲಿತವರ ಕಥೆ ಏನು? ಇಲ್ಲಿ ಕಲಿತ ವಿದ್ಯೆ ಗಡಿ ದಾಟಿದ ಮೇಲೂ ವಿದ್ಯೆಯಾಗಿಯೇ ಉಳಿಯುತ್ತದೆಯೆ? ಬ್ಯಾಡಗಿಯಲ್ಲಿ ಈ ಪ್ರಶ್ನೆ ಎದುರಾದದ್ದು ತೊಟ್ಟು ಬಿಡಿಸುವವರ ನಡುವೆ.

ಬೆರಳುಗಳ ಊರು

ಮೆಣಸಿನಕಾಯಿಯ ತೊಟ್ಟು ಬಿಡಿಸುವುದು ಇಲ್ಲಿ ಹೆಂಗಸರ ಕೆಲಸ. ಗುಂಪಾಗಿ ಕುಳಿತು, ಸೆರಗನ್ನು ಮೂಗಿಗೆ ಕಟ್ಟಿಕೊಂಡು, ಕಾಯಿಯೊಂದನ್ನು ಹಿಡಿದು ಚಟ್ಟನೆ ಮುರಿಯುತ್ತಾರೆ. ನೋಡುತ್ತಿದ್ದಂತೆ ಪಕ್ಕದಲ್ಲಿ ತೊಟ್ಟಿನ ರಾಶಿ ಬೆಳೆಯುತ್ತದೆ. ಸಂಜೆಯ ಹೊತ್ತಿಗೆ ಬೆರಳ ತುದಿ ಉರಿಯುತ್ತದೆ, ಉಗುರಿನ ಸಂದಿಯಲ್ಲಿ ಕೆಂಪು ಕೂತಿರುತ್ತದೆ. ಎಷ್ಟು ತೊಳೆದರೂ ಹೋಗುವುದಿಲ್ಲ. ನಾಗರ ಪಂಚಮಿಗೆ ಗೋರಂಟಿ ಹಚ್ಚಿಕೊಂಡರೆ ಅದರ ಕೆಂಪಿಗೆ ಈ ಕೆಂಪೂ ಸೇರಿಕೊಳ್ಳುತ್ತದೆ.

ಅವರಲ್ಲೊಬ್ಬ ತಾಯಿ ಕೈ ನಿಲ್ಲಿಸದೆ ಕೇಳಿದರು: “ನಮ್ಮ ಹುಡುಗಿ ಎಸ್ಸೆಸ್ಸೆಲ್ಸಿ ಮುಗಿಸ್ಯಾಳ್ರಿ ಸರ. ಉಗುರಿಗಿ ಬಣ್ಣಾ ಹಚ್ಚೂದು, ಬ್ಯೂಟಿ ಪಾರ್ಲರ್ ಕೆಲಸ ಕಲೀತೀನಿ ಅಂತಾಳ. ನಮ್ಮ ತಮ್ಮ ಪುಣೇದಾಗ ಅದಾನ್ರಿ, ಅಲ್ಲಿಗೆ ಕಳಸ್ರಿ ಅಂತಾನ. ಇಲ್ಲಿ ಕಲ್ತ ಸರ್ಟಿಫಿಕೇಟು ಅಲ್ಲಿ ನಡೀತೈತೇನ್ರಿ?”

ಪಕ್ಕದಲ್ಲಿದ್ದ ಹಿರಿಯಾಕೆ ನಕ್ಕರು. “ಉಗುರಿಗಿ ಬಣ್ಣಾ ಹಚ್ಚಾಕೂ ಸರ್ಟಿಫಿಕೇಟ ಬೇಕೇನs? ನಾವು ದಿನಾ ಬಿಟ್ಟಿ ಹಚ್ಕೋತೀವಿ!”

ಎಲ್ಲರೂ ನಕ್ಕರು. ಆದರೆ ಕೇಳಿದ ತಾಯಿ ನಗಲಿಲ್ಲ. ತೊಟ್ಟು ಮುರಿದ ಕೂಲಿಯಲ್ಲಿ ಉಳಿಸಿದ ದುಡ್ಡಿನಿಂದ ಮಗಳ ಫೀ ಕಟ್ಟಬೇಕು. ಕಟ್ಟಿದ ಮೇಲೆ ಕಾಗದ ನಡೆಯದಿದ್ದರೆ ದುಡ್ಡೂ ಹೋಯಿತು, ಮಗಳ ಒಂದು ವರ್ಷವೂ ಹೋಯಿತು. ಬೇರೆ ಊರುಗಳಲ್ಲೂ ಇಂಥ ಲೆಕ್ಕ ಹಾಕುತ್ತಿರುವ ತಂದೆತಾಯಿಗಳು ಇದ್ದಾರೆ. ಆದ್ದರಿಂದ ಉತ್ತರವನ್ನು ವಿವರವಾಗಿಯೇ ನೋಡೋಣ.

ನಡೆಯುವ ಕಾಗದ

ಮೊದಲ ಸಮಾಧಾನದ ಮಾತು: ನಮ್ಮ ದೇಶದಲ್ಲಿ ಉಗುರಿನ ಕೆಲಸ ಮಾಡುವವರು ರಾಜ್ಯಕ್ಕೊಂದರಂತೆ ವೈಯಕ್ತಿಕ ಲೈಸೆನ್ಸ್ ಪಡೆಯಬೇಕೆಂಬ ನಿಯಮವಿಲ್ಲ. ಹಾಗಾಗಿ ಕರ್ನಾಟಕದಿಂದ ಮಹಾರಾಷ್ಟ್ರಕ್ಕೆ ವರ್ಗಾಯಿಸಬೇಕಾದ ಲೈಸೆನ್ಸೂ ಇಲ್ಲ. ಪಾರ್ಲರಿನ ಮಾಲೀಕರು ನೋಡುವುದು ಎರಡನ್ನೇ. ಒಂದು ಕೈಗುಣ, ಇನ್ನೊಂದು ಕೈಯಲ್ಲಿರುವ ಪ್ರಮಾಣಪತ್ರ. ಎಲ್ಲ ಪ್ರಮಾಣಪತ್ರಗಳಿಗೂ ಒಂದೇ ತೂಕವಿಲ್ಲ ಎಂಬುದೇ ಇಲ್ಲಿ ತಿಳಿಯಬೇಕಾದ ವಿಷಯ.

ಕೇಂದ್ರ ಸರ್ಕಾರ 1950ರಲ್ಲಿ ಕುಶಲಕರ್ಮಿ ತರಬೇತಿ ಯೋಜನೆಯನ್ನು ಆರಂಭಿಸಿತು. ನಾವು ಐಟಿಐ ಎಂದು ಕರೆಯುವುದು ಇದರ ಕೂಸು. ಫಿಟ್ಟರ್, ಎಲೆಕ್ಟ್ರೀಷಿಯನ್‌ಗಳ ಸಾಲಿನಲ್ಲಿಯೇ ಕಾಸ್ಮೆಟಾಲಜಿ ಎಂಬ ಒಂದು ವರ್ಷದ ವೃತ್ತಿಯೂ ಇದೆ. ಹತ್ತನೇ ತರಗತಿ ಪಾಸಾದವರು ಸೇರಬಹುದು. ಕೈ ಕಾಲು ಉಗುರುಗಳ ಆರೈಕೆ, ಚರ್ಮ ಮತ್ತು ಕೂದಲಿನ ಆರೈಕೆ, ಸಲಕರಣೆಗಳ ಶುಚಿತ್ವ ಎಲ್ಲವೂ ಅದರಲ್ಲಿ ಬರುತ್ತವೆ. ಕೊನೆಗೆ ಅಖಿಲ ಭಾರತ ಮಟ್ಟದ ವೃತ್ತಿ ಪರೀಕ್ಷೆ. ಪಾಸಾದರೆ ಸಿಗುವುದು ರಾಷ್ಟ್ರೀಯ ವೃತ್ತಿ ಪ್ರಮಾಣಪತ್ರ. ಇದು ಬ್ಯಾಡಗಿಯಲ್ಲಿ ಎಷ್ಟು ಸರಿಯೋ ಪುಣೆಯಲ್ಲೂ ಅಷ್ಟೇ ಸರಿ. ವರ್ಗಾವಣೆಯ ಅರ್ಜಿ ಬೇಡ, ಮುದ್ರೆ ಬೇಡ.

ಒಂದು ವರ್ಷ ಕೂರಲಾಗದವರಿಗೆ ಕೆಲವು ವಾರ, ತಿಂಗಳುಗಳ ಅಲ್ಪಾವಧಿ ಕೋರ್ಸುಗಳಿವೆ. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಿಂದ ಇವು ಹಳ್ಳಿಗಳಿಗೂ ಪರಿಚಯವಾದವು. ಸೌಂದರ್ಯ ಕ್ಷೇತ್ರಕ್ಕೆಂದೇ ಒಂದು ಕೌಶಲ ಮಂಡಳಿ ಇದ್ದು, ಉಗುರು ತಂತ್ರಜ್ಞರ ಕೆಲಸಕ್ಕೂ ಪಠ್ಯ ಮತ್ತು ಮಟ್ಟವನ್ನು ಗೊತ್ತುಪಡಿಸಿದೆ. ಇವೆಲ್ಲದರ ಮೇಲೆ ಎನ್‌ಸಿವಿಇಟಿ ಎಂಬ ರಾಷ್ಟ್ರೀಯ ನಿಯಂತ್ರಣ ಮಂಡಳಿ 2018ರ ಅಧಿಸೂಚನೆಯ ಮೂಲಕ ರಚನೆಯಾಯಿತು. ಅದರ ಮಾನ್ಯತೆ ಪಡೆದ ಸಂಸ್ಥೆ ಕೊಟ್ಟ ಪ್ರಮಾಣಪತ್ರವಾದರೆ ಅದೂ ದೇಶದೆಲ್ಲೆಡೆ ಪ್ರಮಾಣಪತ್ರವೇ.

ನಡೆಯದ ಕಾಗದ ಯಾವುದು? ಬಸ್ ನಿಲ್ದಾಣದ ಎದುರಿನ ಮಾಳಿಗೆಯ ಮೇಲೆ ನಾಲ್ಕು ಕುರ್ಚಿ ಹಾಕಿ, ಬಣ್ಣದ ಅಕ್ಷರಗಳಲ್ಲಿ ‘ಡಿಪ್ಲೊಮಾ’ ಎಂದು ತಾವೇ ಮುದ್ರಿಸಿ ಕೊಡುವ ಹಾಳೆ. ಅಲ್ಲಿ ಕಲಿತವರಿಗೆ ಕೆಲಸ ಬರುವುದಿಲ್ಲವೆಂದಲ್ಲ. ಎಷ್ಟೋ ಒಳ್ಳೆಯ ಕೈಗಳು ಅಂಥ ಕಡೆಯೇ ಪಳಗಿವೆ. ಆದರೆ ಆ ಹಾಳೆಯನ್ನು ಅಲ್ಲಿನ ಗುರುತು ಇರುವವರು ನಂಬುತ್ತಾರೆ. ಗುರುತಿಲ್ಲದ ಊರಿನಲ್ಲಿ ಅದು ಬರೀ ಹಾಳೆ.

ಅಂಗಡಿಗೆ ಬೇರೆ ಲೆಕ್ಕ

ಕಲಿತ ಹುಡುಗಿ ಮುಂದೆ ಸ್ವಂತ ಅಂಗಡಿ ಇಟ್ಟರೆ ಲೆಕ್ಕ ಬದಲಾಗುತ್ತದೆ. ಪ್ರಮಾಣಪತ್ರ ಮನುಷ್ಯನದು, ಲೈಸೆನ್ಸ್ ಜಾಗದ್ದು. ಬ್ಯಾಡಗಿಯಲ್ಲಿ ಪಾರ್ಲರ್ ತೆರೆದರೆ ಪುರಸಭೆಯ ವ್ಯಾಪಾರ ಪರವಾನಗಿ ಬೇಕು. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಬೇಕು. ಅದೇ ಅಂಗಡಿಯನ್ನು ಪುಣೆಗೆ ಕೊಂಡೊಯ್ದರೆ ಇವೆರಡೂ ಜೊತೆಗೆ ಬರುವುದಿಲ್ಲ. ಅಲ್ಲಿನ ಮಹಾನಗರ ಪಾಲಿಕೆಯ ಕಟ್ಟಳೆ ಬೇರೆ. ಮಹಾರಾಷ್ಟ್ರದ 2017ರ ಕಾಯ್ದೆ ಕಡಿಮೆ ಕೆಲಸಗಾರರಿರುವ ಸಣ್ಣ ಅಂಗಡಿಗೆ ನೋಂದಣಿಯ ಬದಲು ಮಾಹಿತಿ ಸಲ್ಲಿಸಿದರೆ ಸಾಕೆನ್ನುತ್ತದೆ. ಸಣ್ಣ ಉದ್ದಿಮೆಗಳಿಗಾಗಿ 2020ರ ಜುಲೈಯಿಂದ ಇರುವ ‘ಉದ್ಯಮ್’ ನೋಂದಣಿ ಕೇಂದ್ರದ್ದು, ಉಚಿತವಾದದ್ದು.

ಉಗುರಿನ ಕಸುಬಿಗೆ ಇರುವ ಈ ಸಲೀಸು ಎಲ್ಲ ವೃತ್ತಿಗಳಿಗೂ ಇಲ್ಲವೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ನರ್ಸಿಂಗ್ ಓದಿದವರು ರಾಜ್ಯದ ನರ್ಸಿಂಗ್ ಪರಿಷತ್ತಿನಲ್ಲಿ ನೋಂದಾಯಿಸಿಕೊಳ್ಳುತ್ತಾರೆ. ಬೇರೆ ರಾಜ್ಯಕ್ಕೆ ಹೋದರೆ ಅಲ್ಲಿನ ಪರಿಷತ್ತಿನ ಬಾಗಿಲು ತಟ್ಟಬೇಕು. ವಕೀಲರು ಒಂದು ರಾಜ್ಯದ ಪಟ್ಟಿಯಿಂದ ಇನ್ನೊಂದಕ್ಕೆ ಹೆಸರು ವರ್ಗಾಯಿಸಿಕೊಳ್ಳಲು 1961ರ ವಕೀಲರ ಕಾಯ್ದೆಯಲ್ಲೇ ದಾರಿ ಇದೆ. ಐಟಿಐ ಎಲೆಕ್ಟ್ರೀಷಿಯನ್‌ನ ಪ್ರಮಾಣಪತ್ರ ದೇಶಕ್ಕೆಲ್ಲ ಸಲ್ಲುತ್ತದೆ, ಆದರೆ ವೈರಿಂಗ್ ಮಾಡುವ ಪರವಾನಗಿ ಕೊಡುವುದು ಆಯಾ ರಾಜ್ಯ. ಓದಿಗೆ ಸೇರುವಾಗ ‘ಎಷ್ಟು ಸಂಬಳ’ ಎಂದು ಕೇಳುವವರು ‘ಯಾರ ಮಾನ್ಯತೆ, ಎಲ್ಲಿಯವರೆಗೆ’ ಎಂದೂ ಕೇಳುವುದು ಒಳ್ಳೆಯದು.

ಸಮುದ್ರದಾಚೆ

ಈಗ ನಮ್ಮ ಹಾವೇರಿ, ರಾಣೆಬೆನ್ನೂರುಗಳ ಮಕ್ಕಳೂ ಅಮೆರಿಕ ಸೇರುತ್ತಿದ್ದಾರೆ. ಅಲ್ಲಿ ಮಾತು ಪೂರ್ತಿ ತಿರುಗುಮುರುಗು. ಉಗುರಿನ ಕೆಲಸಕ್ಕೆ ಅಲ್ಲಿ ಪ್ರತಿ ರಾಜ್ಯವೂ ತನ್ನದೇ ಲೈಸೆನ್ಸ್ ಕೇಳುತ್ತದೆ. ಬಹುಕಾಲ ಕೇಳದೆ ಇದ್ದ ಕನೆಕ್ಟಿಕಟ್ ಕೂಡ 2021ರ ಜನವರಿಯಿಂದ ಕೇಳತೊಡಗಿತು. ತರಬೇತಿಯನ್ನು ಅಳೆಯುವುದು ಗಂಟೆಗಳಲ್ಲಿ. ನ್ಯೂಯಾರ್ಕ್‌ನಲ್ಲಿ 250 ಗಂಟೆ, ಕ್ಯಾಲಿಫೋರ್ನಿಯಾದಲ್ಲಿ 400, ಟೆಕ್ಸಾಸ್‌ನಲ್ಲಿ 600. ಹೀಗಾಗಿ ಒಂದು ರಾಜ್ಯದ ಲೈಸೆನ್ಸ್ ಹಿಡಿದು ಇನ್ನೊಂದಕ್ಕೆ ಹೋದವರು ಅಲ್ಲಿನ ಮಂಡಳಿಗೆ ಅರ್ಜಿ ಹಾಕಬೇಕು. ಗಂಟೆಗಳು ಕಡಿಮೆ ಬಿದ್ದರೆ ಮತ್ತೆ ತರಗತಿಗೆ ಕೂರಿಸಬಹುದು, ಪರೀಕ್ಷೆ ಬರೆಸಬಹುದು. ದುಡಿದ ಅನುಭವವನ್ನು ಲೆಕ್ಕಕ್ಕೆ ಹಿಡಿಯುವ ರಾಜ್ಯಗಳೂ ಇವೆ.

ಇಷ್ಟು ಬಿಗಿ ಏಕೆ ಎಂದರೆ, ಉಗುರಿನ ಕೆಲಸ ಬರೀ ಅಲಂಕಾರವಲ್ಲ. ಒಬ್ಬರ ಉಗುರಿಗೆ ತಾಗಿದ ಕತ್ತರಿ ತೊಳೆಯದೆ ಇನ್ನೊಬ್ಬರಿಗೆ ತಾಗಿದರೆ ಸೋಂಕು ಹರಡುತ್ತದೆ. ಕೃತಕ ಉಗುರು ಅಂಟಿಸುವ ರಾಸಾಯನಿಕಗಳು ಕೆಲವರ ಚರ್ಮಕ್ಕೆ ಒಗ್ಗುವುದಿಲ್ಲ. ನಮ್ಮಲ್ಲಿ ಲೈಸೆನ್ಸ್ ಇಲ್ಲದಿರುವುದು ಕಲಿಯುವವರಿಗೆ ಅನುಕೂಲ. ಆದರೆ ಶುಚಿತ್ವದ ಪಾಠ ತಪ್ಪಿಸಿಕೊಳ್ಳಲು ಅದು ನೆಪವಾಗಬಾರದು.

ಫೀ ಕಟ್ಟುವ ಮುನ್ನ

ತೊಟ್ಟು ಬಿಡಿಸುವ ಆ ತಾಯಿಗೆ ಹೇಳಿದ್ದನ್ನೇ ಇಲ್ಲಿಯೂ ಹೇಳಬಹುದು. ಸಂಸ್ಥೆಗೆ ಮಾನ್ಯತೆ ಇದೆಯೆ ಎಂದಷ್ಟೇ ಕೇಳಿದರೆ ಸಾಲದು. ಮಗಳು ಸೇರುವ ವೃತ್ತಿಗೇ ಮಾನ್ಯತೆ ಇದೆಯೆ ಎಂದು ಕೇಳಿ. ಒಂದು ಐಟಿಐನಲ್ಲಿ ಫಿಟ್ಟರ್‌ಗೆ ಇರುವ ಮಾನ್ಯತೆ ಕಾಸ್ಮೆಟಾಲಜಿಗೆ ಇಲ್ಲದಿರಬಹುದು. ಪ್ರಮಾಣಪತ್ರ ಕೊಡುವವರು ಯಾರು, ಅದರ ಮೇಲೆ ಯಾರ ಹೆಸರಿರುತ್ತದೆ ಎಂದು ಹಳೆಯ ವಿದ್ಯಾರ್ಥಿಯ ಪ್ರಮಾಣಪತ್ರವನ್ನೇ ತೋರಿಸಲು ಹೇಳಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ವೃತ್ತಿ ಪ್ರಮಾಣಪತ್ರ ಮೂರರಲ್ಲೂ ಹೆಸರಿನ ಅಕ್ಷರಗಳು ಒಂದೇ ಇರಲಿ. ಪರವೂರಿನಲ್ಲಿ ಒಂದಕ್ಷರದ ವ್ಯತ್ಯಾಸಕ್ಕೂ ಅಲೆಯಬೇಕಾಗುತ್ತದೆ. ಕಲಿತ ವಿಷಯ ಮತ್ತು ಗಂಟೆಗಳ ವಿವರವನ್ನು ಸಂಸ್ಥೆಯಿಂದ ಬರೆಸಿಟ್ಟುಕೊಳ್ಳಿ. ಮುಂದೆ ವಿದೇಶದ ಮಾತು ಬಂದರೆ ಮೊದಲು ಕೇಳುವುದು ಅದನ್ನೇ. ಬೆಂಗಳೂರಿನಲ್ಲಿ ಹೆಣ್ಣುಮಕ್ಕಳಿಗಾಗಿಯೇ ಕೇಂದ್ರ ಸರ್ಕಾರದ ರಾಷ್ಟ್ರೀಯ ಕೌಶಲ ತರಬೇತಿ ಸಂಸ್ಥೆ ಇದೆ. ಹತ್ತಿರದ ಸರ್ಕಾರಿ ಐಟಿಐಗೂ ಒಮ್ಮೆ ಹೋಗಿ ವಿಚಾರಿಸಿ ಬನ್ನಿ. ಬಸ್ ಚಾರ್ಜು ಹೆಚ್ಚಾಗದು.

ಎಲ್ಲ ಕೇಳಿಸಿಕೊಂಡ ತಾಯಿ, “ಹಂಗಾರ ಮೊದಲ ಐಟಿಐಗಿ ಹೋಗಿ ಕೇಳೂದು ಚಲೋ ಅನ್ರಿ” ಎಂದರು. ಕೈಗಳು ಮಾತ್ರ ತೊಟ್ಟು ಮುರಿಯುತ್ತಲೇ ಇದ್ದವು.

ಹೋಗುವುದಾದರೆ

ಬ್ಯಾಡಗಿ ಬೆಂಗಳೂರು–ಹುಬ್ಬಳ್ಳಿ ರೈಲುಮಾರ್ಗದಲ್ಲಿ ರಾಣೆಬೆನ್ನೂರು ಮತ್ತು ಹಾವೇರಿಗಳ ನಡುವೆ ಇದೆ. ಎಲ್ಲ ರೈಲುಗಳೂ ನಿಲ್ಲುವುದಿಲ್ಲ, ಮೊದಲೇ ವಿಚಾರಿಸಿಕೊಳ್ಳಿ. ಹೆದ್ದಾರಿಯಲ್ಲಿ ಬರುವವರು ಮೋಟೆಬೆನ್ನೂರಿನಲ್ಲಿ ತಿರುಗಬೇಕು. ದಂಡಿ ಯಾತ್ರೆಯಲ್ಲಿ ಗಾಂಧೀಜಿಯ ಜೊತೆ ನಡೆದು, 1943ರಲ್ಲಿ ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದ ಮೈಲಾರ ಮಹಾದೇವ ಅವರ ಊರು ಇದು. ಕನಕದಾಸರ ಕಾಗಿನೆಲೆ, ಆಂಜನೇಯನ ಕದರಮಂಡಲಗಿ ಎರಡೂ ಇದೇ ತಾಲ್ಲೂಕಿನಲ್ಲಿವೆ. ಪೇಟೆಯ ಗದ್ದಲ ನೋಡಬೇಕೆಂದರೆ ಸೋಮವಾರ ಅಥವಾ ಗುರುವಾರ ಬನ್ನಿ. ಮಕ್ಕಳನ್ನು ಕರೆದುಕೊಂಡು ಬಂದರೆ ರಾಶಿಗಳನ್ನಷ್ಟೇ ಅಲ್ಲ, ತೊಟ್ಟು ಮುರಿಯುವ ಬೆರಳುಗಳನ್ನೂ ತೋರಿಸಿ. ಮನೆಯ ಸಾರಿನ ಕೆಂಪು ಎಷ್ಟು ಕೈ ದಾಟಿ ಬಂದಿದೆ ಎಂಬುದು ಅವರಿಗೂ ತಿಳಿಯಲಿ. ಮೂಗಿಗೊಂದು ಕರವಸ್ತ್ರ ಮಾತ್ರ ಮರೆಯಬೇಡಿ.