ರಾಹುಲ್ ತೊಡೆ, ನಮ್ಮ ಗಾರ್ಡ್‌ನ ಮಂಡಿ

ಕೆ.ಎಲ್. ರಾಹುಲ್ ಅಂದ್ರೆ ಟಿವಿಯವರಿಗೆ ಬೆಂಗಳೂರು, ನಮಗೆ ಸುರತ್ಕಲ್. ಕಟಪಾಡಿಯಲ್ಲಿ ಹೈವೇ ಹತ್ತಿ ಕಾಪು, ಪಡುಬಿದ್ರಿ, ಮೂಲ್ಕಿ ದಾಟಿದ್ರೆ ಆಯ್ತು, ಎನ್‌ಐಟಿಕೆ ಗೇಟು. ಅಪ್ಪ ಲೋಕೇಶ್ ಅಲ್ಲಿ ಪ್ರೊಫೆಸರ್ ಆಗಿದ್ದವರು, ಮಗ ಓದಿದ್ದು ಅದೇ ಕ್ಯಾಂಪಸ್ಸಿನ ಶಾಲೆಯಲ್ಲಿ. ಎನ್‌ಐಟಿಕೆ ಪ್ರೊಫೆಸರ್ ಮಗ ಎಂಜಿನಿಯರಿಂಗ್‌ನಿಂದ ತಪ್ಪಿಸಿಕೊಂಡದ್ದು ಹೇಗೆ ಅನ್ನೋದು ಅವರ ಯಾವ ಸೆಂಚುರಿಗಿಂತಲೂ ದೊಡ್ಡ ಸಾಧನೆ ಅಂತ ನಮ್ಮ ಅಭಿಪ್ರಾಯ.

2023ರ ಮೇ 1. ಲಕ್ನೋದಲ್ಲಿ ಆರ್‌ಸಿಬಿ ಮ್ಯಾಚು. ನಾವಾಗ ನಾಲ್ಕನೇ ಸೆಮಿಸ್ಟರ್. ನೋಡಿದ್ದು ಶಂಕರಪುರದಲ್ಲಿ, ನಮ್ಮ ಬಾಸ್ಕೆಟ್‌ಬಾಲ್ ಟೀಮಿನ ಪಾಯಿಂಟ್ ಗಾರ್ಡ್‌ನ ಮನೆಯಲ್ಲಿ. ಹೆಸರು ಹಾಕ್ಬೇಡಿ ಅಂದಿದ್ದಾನೆ, ಹಾಗಾಗಿ ಇಲ್ಲಿ ಅವನು ಬರೀ ಗಾರ್ಡ್. ಮಾರ್ಚ್‌ನಲ್ಲಿ ರಿಬೌಂಡ್‌ಗೆ ಹಾರಿ ಇಳಿಯುವಾಗ ಅವನ ಎಡ ಮಂಡಿ ತಿರುಚಿ ಎಸಿಎಲ್ ಹರಿದಿತ್ತು. ಯಾರೂ ತಳ್ಳಿದ್ದಲ್ಲ, ಯಾರಿಗೂ ತಾಗಿದ್ದಲ್ಲ. ಏಪ್ರಿಲ್‌ನಲ್ಲಿ ಆಪರೇಷನ್ ಆಗಿ, ಕಾಲಿಗೆ ಬ್ರೇಸ್ ಕಟ್ಟಿಕೊಂಡು ಮಂಚದ ಮೇಲೆ ಕೂತಿದ್ದ.

ಆರ್‌ಸಿಬಿ ಬ್ಯಾಟಿಂಗಿನ ಎರಡನೇ ಓವರ್. ಡುಪ್ಲೆಸಿ ಹೊಡೆದ ಬಾಲಿನ ಹಿಂದೆ ರಾಹುಲ್ ಬೌಂಡರಿ ಕಡೆ ಓಡಿದರು. ಅರ್ಧದಲ್ಲೇ ಬಲ ತೊಡೆ ಹಿಡಿದುಕೊಂಡು ಬಿದ್ದರು. ನಾವೆಲ್ಲ "ಕ್ರ್ಯಾಂಪ್ ಇರ್ಬೇಕು, ಎದ್ದು ಬರ್ತಾರೆ" ಅಂತಿದ್ವಿ. ಗಾರ್ಡ್ ಮಾತ್ರ "ಇಲ್ಲ ಮಾರಾಯ, ಅದು ಹೋಯ್ತು" ಅಂದ. ಹೇಗೆ ಗೊತ್ತು ಅಂದ್ರೆ, ಬಿದ್ದ ರೀತಿಯಲ್ಲಿ ಗೊತ್ತಾಗ್ತದೆ ಅಂದ.

ಆ ಮ್ಯಾಚು ಈಗ ಎಲ್ಲರಿಗೂ ನೆನಪಿರೋದು ಕೊನೆಯಲ್ಲಿ ಕೊಹ್ಲಿ-ಗಂಭೀರ್ ಮಾಡಿಕೊಂಡ ಜಗಳಕ್ಕೆ. ನಮಗೆ ನೆನಪಿರೋದು ಅದಕ್ಕಿಂತ ಸ್ವಲ್ಪ ಮುಂಚಿನದ್ದು. ಆರ್‌ಸಿಬಿ 126 ಹೊಡೆದಿತ್ತು, ಲಕ್ನೋ ಒಂದೊಂದೇ ವಿಕೆಟ್ ಕಳಕೊಂಡು ಒಂಬತ್ತಾಯ್ತು. ಆಗ ಹನ್ನೊಂದನೇ ನಂಬರಿಗೆ ರಾಹುಲ್ ಕುಂಟುತ್ತಾ ಬಂದರು. ಓಡೋ ಹಾಗಿಲ್ಲ. ಮೂರು ಬಾಲು ಆಡಿದರು, ಸೊನ್ನೆಗೆ ನಾಟೌಟ್. ಟೀಮು 108ಕ್ಕೆ ಆಲೌಟ್.

ಕಾಮೆಂಟರಿಯವರು ಎಂಥಾ ಧೈರ್ಯ ಅಂತ ಹೊಗಳ್ತಿದ್ರು. ಗಾರ್ಡ್‌ನ ಅಮ್ಮ ಒಳಗಿನಿಂದ ಬಂದು ನೋಡಿ, "ಅವನಿಗೆ ಅಪ್ಪ ಅಮ್ಮ ಇಲ್ವಾ? ಯಾಕೆ ಕಳಿಸಿದ್ದು?" ಅಂದ್ರು. ಆ ರಾತ್ರಿ ಕೇಳಿದ ಮಾತುಗಳಲ್ಲಿ ಸರಿಯಾದದ್ದು ಇದೊಂದೇ ಅಂತ ನಮಗೆ ಈಗಲೂ ಅನಿಸ್ತದೆ. ಹೊಗಳೋದು ಸುಲಭ, ಯಾಕಂದ್ರೆ ತೊಡೆ ನಮ್ಮದಲ್ಲ. ವರ್ಲ್ಡ್ ಟೆಸ್ಟ್ ಚಾಂಪಿಯನ್‌ಶಿಪ್ ಫೈನಲ್‌ಗೆ ಐದೇ ವಾರ ಉಳಿದಿತ್ತು. ಮೇ 5ಕ್ಕೆ ಅವರೇ ಹೇಳಿದರು: ಐಪಿಎಲ್ ಮುಗೀತು, ಫೈನಲ್ಲೂ ಇಲ್ಲ, ಆಪರೇಷನ್ ಆಗ್ಬೇಕು. ತೊಡೆಯ ಮುಂಭಾಗದ ಕ್ವಾಡ್ರಿಸೆಪ್ಸ್ ಸ್ನಾಯುವಿನ ಟೆಂಡನ್ ಹರಿದಿತ್ತು.

ಇದರಲ್ಲಿ ನಮಗೆ ಜಾಸ್ತಿ ತಲೆಗೆ ಹೋದದ್ದು ಗಾಯ ಅಲ್ಲ, ಖಾಲಿಯಾದ ಜಾಗ. ಅದು ಒಂದು ದಿನ ಕೂಡ ಖಾಲಿ ಇರ್ಲಿಲ್ಲ. ಕ್ಯಾಪ್ಟನ್ ಕೆಲಸ ಕೃಣಾಲ್ ಪಾಂಡ್ಯಗೆ ಹೋಯ್ತು. ಟೆಸ್ಟ್ ಫೈನಲ್ ತಂಡದ ಜಾಗ ಇಶಾನ್ ಕಿಶನ್‌ಗೆ. ಲಕ್ನೋ ತಂಡದ ಜಾಗಕ್ಕೆ 50 ಲಕ್ಷಕ್ಕೆ ಬಂದದ್ದು ಯಾರು ಹೇಳಿ? ಕರುಣ್ ನಾಯರ್! 2016ರ ಡಿಸೆಂಬರ್‌ನಲ್ಲಿ ಚೆನ್ನೈ ಟೆಸ್ಟಲ್ಲಿ ಇಂಗ್ಲೆಂಡ್ ವಿರುದ್ಧ ರಾಹುಲ್ 199ಕ್ಕೆ ಔಟಾದ್ರು, ಅದೇ ಇನ್ನಿಂಗ್ಸಲ್ಲಿ ಕರುಣ್ 303 ಹೊಡೆದ್ರು. ಅಷ್ಟು ಹೊಡೆದ ಕರುಣ್ ಆಮೇಲೆ ಟೀಮ್ ಇಂಡಿಯಾದಿಂದಲೂ ಹೋಗಿ, ಕರ್ನಾಟಕ ಟೀಮಿಂದಲೂ ಹೋಗಿ, 2022ರ ಡಿಸೆಂಬರ್‌ನಲ್ಲಿ ಇನ್ನೊಂದು ಚಾನ್ಸ್ ಕೊಡು ಅಂತ ಕ್ರಿಕೆಟ್ಟಿಗೇ ಟ್ವೀಟ್ ಮಾಡಿದ್ರು. ಆ ಚಾನ್ಸು ಹಳೇ ಸ್ನೇಹಿತನ ತೊಡೆ ಹರಿದು ಬಂತು. ಸಂತೋಷಪಡೋದಾ ಬೇಡ್ವಾ ಅಂತ ಅವರಿಗೂ ಗೊತ್ತಾಗಿರ್ಲಿಕ್ಕಿಲ್ಲ.

ನಮ್ಮಲ್ಲೂ ಹಾಗೆಯೇ. ಗಾರ್ಡ್ ಬಿದ್ದ ವಾರದೊಳಗೆ ಒಬ್ಬ ಫಸ್ಟ್ ಇಯರ್ ಹುಡುಗ ಬಾಲ್ ಹಿಡಿದು ಬರ್ಲಿಕ್ಕೆ ಶುರು ಮಾಡಿದ. ಒಳ್ಳೆ ಹುಡುಗ, ಅಣ್ಣ ಅಣ್ಣ ಅಂತ ಗಾರ್ಡ್‌ಗೆ ಫೋನ್ ಮಾಡಿ ಪ್ಲೇ ಕೇಳ್ತಿದ್ದ. ಇವನೂ ಎಲ್ಲ ಹೇಳಿಕೊಡ್ತಿದ್ದ. ಫೋನ್ ಇಟ್ಟ ಮೇಲೆ ಗೋಡೆ ಕಡೆ ತಿರುಗಿ ಮಲಗ್ತಿದ್ದ.

ಎಸಿಎಲ್ ಅಂದ್ರೆ ಗೊತ್ತಿಲ್ಲದವರಿಗೆ: ಮಂಡಿಯೊಳಗೆ ತೊಡೆಮೂಳೆಗೂ ಕಣಕಾಲಿನ ಮೂಳೆಗೂ ಅಡ್ಡಡ್ಡ ಕಟ್ಟಿದ ಪಟ್ಟಿ. ಮಂಡಿ ಮುಂದಕ್ಕೆ ಜಾರದ ಹಾಗೆ, ತಿರುಚದ ಹಾಗೆ ಹಿಡಿದಿಡೋದು ಅದು. ಪೂರ್ತಿ ಹರಿದರೆ ಸಾಮಾನ್ಯವಾಗಿ ತಾನಾಗಿ ಕೂಡೋದಿಲ್ಲ. ಬೇರೆ ಕಡೆಯಿಂದ ಟೆಂಡನ್ ತೆಗೆದು, ಮೂಳೆಗೆ ಡ್ರಿಲ್ ಹಾಕಿ, ತೂರಿಸಿ, ಸ್ಕ್ರೂ ಬಿಗೀತಾರೆ. ಮೆಕ್ಯಾನಿಕಲ್‌ನವರು ಇದನ್ನು ಕೇಳಿ ಟಾಲರೆನ್ಸ್ ಎಷ್ಟು ಅಂತ ಕೇಳಿದ್ರು. ಆಮೇಲೆ ಆಟಕ್ಕೆ ಇಳೀಲಿಕ್ಕೆ ಕಮ್ಮಿ ಅಂದ್ರೂ ಒಂಬತ್ತು ತಿಂಗಳು.

ಒಂಬತ್ತು ತಿಂಗಳು ಅಂದ್ರೆ ನಮಗೆ ಎಷ್ಟು ಅಂತ ಲೆಕ್ಕ ಹಾಕಿ. ಕಾಲೇಜಲ್ಲಿ ಇರೋದು ನಾಲ್ಕು ವರ್ಷ. ಫಸ್ಟ್ ಇಯರಲ್ಲಿ ನೀರಿನ ಬಾಟಲಿ ಹೊರೋದೇ ಆಗ್ತದೆ, ಫೈನಲ್ ಇಯರಲ್ಲಿ ಪ್ಲೇಸ್‌ಮೆಂಟು, ಪ್ರಾಜೆಕ್ಟು. ಸರಿಯಾಗಿ ಆಡ್ಲಿಕ್ಕೆ ಸಿಗೋದು ಎರಡು ಸೀಸನ್. ಅದರಲ್ಲಿ ಒಂದು ಹೋದ್ರೆ ಹೋದದ್ದು ಅರ್ಧ ಕ್ರೀಡಾಜೀವನ. ರಾಹುಲ್‌ಗೆ ಮುಂದಿನ ಐಪಿಎಲ್ ಇತ್ತು, ಬೆಂಗಳೂರಿನ ನ್ಯಾಷನಲ್ ಕ್ರಿಕೆಟ್ ಅಕಾಡೆಮಿ ಇತ್ತು, ದಿನಾ ಜೊತೆಗಿರೋ ಫಿಸಿಯೋ ಇದ್ರು. ನಮ್ಮವನಿಗೆ ಇದ್ದದ್ದು ಮಂಡಿ ಕೆಳಗೆ ಇಟ್ಟು ಒತ್ತಲಿಕ್ಕೆ ಸುತ್ತಿದ ಒಂದು ಟವೆಲ್ಲು, ಉಡುಪಿಗೆ ಹೋಗ್ಲಿಕ್ಕೆ ಬಸ್ಸು. ಬ್ರೇಸ್ ಹಾಕಿಕೊಂಡು ನಮ್ಮ ಬಸ್ಸುಗಳ ಮೆಟ್ಟಿಲು ಹತ್ತೋದೇ ಒಂದು ಎಕ್ಸರ್‌ಸೈಜು, ಬೇರೆ ಬೇಕಿಲ್ಲ.

ಮನೆಯಲ್ಲಿ ಇನ್ನೊಂದು ಲೆಕ್ಕ ಇತ್ತು, ನಮಗೆ ಹೊಳೆದದ್ದು ತಡವಾಗಿ. ಅವರದ್ದು ಮಲ್ಲಿಗೆ ಗಿಡಗಳ ಮನೆ. ಬೆಳಕು ಹರಿಯುವಾಗಲೇ ಮೊಗ್ಗು ಕೊಯ್ದು, ಬಾಳೆನಾರಲ್ಲಿ ಕಟ್ಟಿ, ಹೊತ್ತಿಗೆ ಸರಿಯಾಗಿ ಕಟ್ಟೆಗೆ ಮುಟ್ಟಿಸ್ಬೇಕು. 800 ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಕಾಲೇಜಿಗೆ ಹೋಗೋ ಮೊದಲು ಕೊಯ್ತಿದ್ದವನು ಇವನೇ. ಈಗ ಬಗ್ಗೋ ಹಾಗಿಲ್ಲ, ಕುಕ್ಕರಗಾಲಲ್ಲಿ ಕೂರೋ ಹಾಗಿಲ್ಲ. ಮದುವೆ ಸೀಸನ್, ರೇಟ್ ಇದ್ದ ಹೊತ್ತಿಗೇ ಒಂದು ಜೊತೆ ಕೈ ಕಮ್ಮಿ. ಅಮ್ಮ ಒಬ್ಬರೇ ಟಾರ್ಚ್ ಹಿಡಿದು ಹೋಗ್ತಿದ್ರು. ಕೊನೆಗೆ ಅವನು ಮಂಚದಲ್ಲಿ ಕೂತೇ ಕಟ್ಲಿಕ್ಕೆ ಕಲಿತ. ಮೊದಮೊದಲು ಕಟ್ಟಿದ್ದೆಲ್ಲ ಸಡಿಲ, ಅಮ್ಮ ಬಿಚ್ಚಿ ಮತ್ತೆ ಕಟ್ತಿದ್ರು. ಜೂನ್ ಹೊತ್ತಿಗೆ ಕೈ ಕೂತಿತು. "ಆ ಚೆಂಡು ಹೋದ್ರೆ ಈ ಚೆಂಡು" ಅಂತ ಜೋಕ್ ಮಾಡಿದ. ನಾವು ನಗಬೇಕಾ ಅಂತ ಒಬ್ಬರ ಮುಖ ಒಬ್ಬರು ನೋಡಿಕೊಂಡ್ವಿ.

ಆ ತಿಂಗಳುಗಳಲ್ಲಿ ಅವನು ಮತ್ತೆ ಮತ್ತೆ ನೋಡ್ತಿದ್ದದ್ದು ಡೆರಿಕ್ ರೋಸ್ ವಿಡಿಯೋ. ಶಿಕಾಗೊ ಬುಲ್ಸ್‌ನ ಪಾಯಿಂಟ್ ಗಾರ್ಡ್, 2011ರಲ್ಲಿ 22ನೇ ವಯಸ್ಸಿಗೆ ಎನ್‌ಬಿಎಯ ಅತಿ ಕಿರಿಯ ಎಂವಿಪಿ. 2012ರ ಏಪ್ರಿಲ್ 28, ಪ್ಲೇಆಫ್‌ನ ಮೊದಲ ಮ್ಯಾಚು, ಬುಲ್ಸ್ 12 ಪಾಯಿಂಟ್ ಮುಂದೆ, ಉಳಿದದ್ದು ಒಂದೂವರೆ ನಿಮಿಷಕ್ಕೂ ಕಮ್ಮಿ. ಆಗ ಎಸಿಎಲ್ ಹೋಯ್ತು. ಗೆದ್ದ ಮ್ಯಾಚಲ್ಲಿ ಅವರನ್ನು ಯಾಕೆ ಕೋರ್ಟಲ್ಲಿ ಇಟ್ಟಿದ್ರು ಅಂತ ಇಂದಿಗೂ ಜಗಳ ಇದೆ. ಮುಂದಿನ ಸೀಸನ್ ಪೂರ್ತಿ ಹೊರಗೆ. ವಾಪಸ್ ಬಂದ ವರ್ಷ ಇನ್ನೊಂದು ಮಂಡಿ ಹೋಯ್ತು. "ಇದನ್ನು ನೋಡ್ಬೇಡ ಮಾರಾಯ" ಅಂದ್ರೆ ಕೇಳ್ತಿರ್ಲಿಲ್ಲ.

ಹಾಗಾಗಿ ಸೆಪ್ಟೆಂಬರ್ 10 ನಮಗೆ ಬೇಕಿತ್ತು. ಏಷ್ಯಾ ಕಪ್, ಕೊಲಂಬೊ, ಎದುರಿಗೆ ಪಾಕಿಸ್ತಾನ. ರಾಹುಲ್ ಆಡೋದೇ ಇರ್ಲಿಲ್ಲ. ಶ್ರೇಯಸ್ ಅಯ್ಯರ್ ಬೆನ್ನು ಹಿಡ್ಕೊಂಡಿತು, ಕೊನೇ ಗಳಿಗೆಯಲ್ಲಿ ಜಾಗ ಸಿಕ್ಕಿತು. ಅಯ್ಯರ್ ಕೂಡ ಬೆನ್ನಿನ ಆಪರೇಷನ್ ಆಗಿ ಅದೇ ಐಪಿಎಲ್ ಪೂರ್ತಿ ಕಳಕೊಂಡವರು, ಪಾಪ. ಮಳೆ ಬಂದು ಮರುದಿನಕ್ಕೆ ಹೋದ ಆ ಮ್ಯಾಚಲ್ಲಿ ರಾಹುಲ್ 111 ನಾಟೌಟ್, ಕೊಹ್ಲಿ 122 ನಾಟೌಟ್. ನಾವು ಎಣಿಸಿದ್ದು ಬೌಂಡರಿ ಅಲ್ಲ, ಓಡಿ ತೆಗೆದ ಎರಡೆರಡು ರನ್ನು. ಪ್ರತಿ ಸಲ ತಿರುಗುವಾಗ ಗಾರ್ಡ್ ಬಲ ತೊಡೆಯನ್ನೇ ನೋಡ್ತಿದ್ದ.

ಆದ್ರೆ ವಾಪಸ್ ಬಂದದ್ದು ಹಳೇ ಜಾಗಕ್ಕಲ್ಲ. ಟೆಸ್ಟಲ್ಲಿ ಓಪನಿಂಗ್ ಆಡ್ತಿದ್ದವರು ಆ ಡಿಸೆಂಬರ್‌ನಲ್ಲಿ ಸೆಂಚುರಿಯನ್‌ನಲ್ಲಿ ಆರನೇ ನಂಬರಿಗೆ ಬಂದು 101 ಹೊಡೆದ್ರು, ಜೊತೆಗೆ ಕೀಪಿಂಗ್. ಆಪರೇಷನ್ ಆದ ತೊಡೆಯ ಮೇಲೆ ಪ್ರತಿ ಬಾಲಿಗೂ ಕೂತು ಏಳೋ ಕೆಲಸ! 2024ರ ಜನವರಿಯಲ್ಲಿ ಹೈದರಾಬಾದ್ ಟೆಸ್ಟಲ್ಲಿ 86 ಹೊಡೆದ ಮೇಲೆ ಅದೇ ಬಲ ತೊಡೆ ಮತ್ತೆ ನೋವು, ಇಂಗ್ಲೆಂಡ್ ಸರಣಿಯ ಉಳಿದ ನಾಲ್ಕೂ ಟೆಸ್ಟ್ ಇಲ್ಲ. ಪೇಪರಲ್ಲಿ 'ಕಮ್‌ಬ್ಯಾಕ್' ಅಂತ ಒಮ್ಮೆ ಬರೆದ್ರೆ ಮುಗೀತು. ತೊಡೆಗೆ ಅದು ಮುಗಿಯೋದಿಲ್ಲ.

ಅದೇ ಜನವರಿಯಲ್ಲಿ ನಮ್ಮವನೂ ಕೋರ್ಟಿಗೆ ಇಳಿದ. ಫಸ್ಟ್ ಇಯರ್ ಆಗಿದ್ದ ಆ ಹುಡುಗ ಈಗ ಟೀಮಿನ ಗಾರ್ಡ್. ಅವನೇ ಬಾಲ್ ತಂದು ಇವನ ಕೈಗೆ ಕೊಟ್ಟ, ಇವನು ವಾಪಸ್ ಅವನಿಗೇ ಪಾಸ್ ಮಾಡಿ ಮೂಲೆಗೆ ಹೋಗಿ ನಿಂತ. ಅವತ್ತಿಂದ ಅವನ ಜಾಗ ಅದು: ಮೂಲೆಯಲ್ಲಿ ನಿಂತು ಮೂರು ಪಾಯಿಂಟ್ ಹೊಡೆಯೋದು. ಒಳಗೆ ನುಗ್ಗೋದಿಲ್ಲ, ರಿಬೌಂಡ್‌ಗೆ ಹಾರೋದಿಲ್ಲ. ಒಂದು ಇಂಟರ್ ಕಾಲೇಜ್ ಮ್ಯಾಚಲ್ಲಿ ಎರಡು ಪಾಯಿಂಟ್ ಹಿಂದಿದ್ವಿ, ಎದುರಿಗೆ ದಾರಿ ಖಾಲಿ, ನಾವೆಲ್ಲ ನುಗ್ಗು ನುಗ್ಗು ಅಂತ ಕೂಗಿದ್ವಿ. ನಿಂತಲ್ಲಿಂದಲೇ ಹೊಡೆದ. ರಿಮ್‌ಗೆ ತಾಗಿ ಹೊರಗೆ ಹೋಯ್ತು, ಸೋತ್ವಿ. ಬಸ್ಸಲ್ಲಿ ಯಾರೂ ಆ ವಿಷಯ ಎತ್ಲಿಲ್ಲ.

ಈಗ ನಾವು ಫೈನಲ್ ಇಯರ್. ಅವನ ಮನೆಗೆ ಹೋದ್ರೆ ಅಮ್ಮ ಮೊದಲು ಚಾ ಕೊಡ್ತಾರೆ, ಆಮೇಲೆ ಹೊಲಿಗೆ ಟೇಪ್ ತಂದು ಎರಡೂ ತೊಡೆ ಅಳೆಯೋ ಕೆಲಸ ನಮಗೆ ಒಪ್ಪಿಸ್ತಾರೆ. ಆಪರೇಷನ್ ಆದ ಹೊಸತರಲ್ಲಿ ಎಡದ್ದು ನಾಲ್ಕು ಸೆಂಟಿಮೀಟರ್ ಕಮ್ಮಿ ಇತ್ತು. ಕಳೆದ ಭಾನುವಾರ ಅಳೆದಾಗ ಒಂದು.