ಪಾಟಲಿಯ ದುಡ್ಡು

ನಮ್ಮ ಹಾರೂಗೇರಿಯಲ್ಲಿ ನನ್ನಂಥ ಹೆಂಗಸಿನ ಕೈಗೆ ಒಮ್ಮೆಲೇ 40,000 ರೂಪಾಯಿ ಬರುವುದು ಭೀಶಿಯ ಚೀಟಿ ಎದ್ದಾಗ ಮಾತ್ರ. ಇಪ್ಪತ್ತು ಜನ ಗೆಳತಿಯರು, ತಿಂಗಳಿಗೆ 2,000. 2025ರ ಏಪ್ರಿಲ್‌ನಲ್ಲಿ ನನ್ನ ಚೀಟಿ ಎದ್ದಿತು. ಮದುವೆಯಲ್ಲಿ ಹಾಕಿದ ಪಾಟಲಿಗಳು ಸವೆದು ತಂತಿಯಂತಾಗಿವೆ. ಅವನ್ನು ಕರಗಿಸಿ ಮೇಲೊಂದಿಷ್ಟು ಹಾಕಿ ಹೊಸವು ಮಾಡಿಸಬೇಕೆಂಬುದು ನನ್ನ ಬಹಳ ದಿನದ ಆಸೆ. ಅದೇ ವಾರ, ಪಿ.ಯು.ಸಿ. ಪರೀಕ್ಷೆ ಮುಗಿಸಿ ಕೂತಿದ್ದ ಮಗಳು ಪಕ್ಕಕ್ಕೆ ಬಂದು ಕೂತಳು.

"ಅವ್ವಾ, ನನಗ ಗೇಮಿಂಗ್ ಕಂಪ್ಯೂಟರ್ ಬೇಕು. ತಯಾರಿದ್ದದ್ದು ಬ್ಯಾಡ, ಸಾಮಾನು ತಂದು ನಾನ ಜೋಡಸ್ತೀನಿ."

ಅಂಗಡಿಯವನು ಬರೆದುಕೊಟ್ಟ ಚೀಟಿಯಲ್ಲಿ 78,000 ಇತ್ತು. ಒಳಗಿನಿಂದ ಅತ್ತೆಯವರ ದನಿ ಬಂತು: "ಗಂಡು ಹುಡುಗೂರ ಆಟ, ಈಕಿಗ್ಯಾಕ?" ನಮ್ಮವರು, "ಕಬ್ಬಿನ ಬಿಲ್ ಬರಲಿ, ನೋಡೂಣು" ಎಂದರು. ಕಬ್ಬಿನ ಬಿಲ್ ಎಂದರೆ ನಮ್ಮ ಕಡೆ 'ನಾಳೆ' ಎಂಬುದರ ಇನ್ನೊಂದು ಹೆಸರು. ಅತ್ತೆಯವರ ಆ ಮಾತು ಬಾರದೆ ಇದ್ದರೆ ನಾನೂ ಒಲ್ಲೆ ಎನ್ನುತ್ತಿದ್ದೆನೋ ಏನೋ. ಬಂದದ್ದರಿಂದ, "ಆ ಚೀಟಿ ತಾ ಇಲ್ಲಿ" ಎಂದೆ.

ಕಂಪ್ಯೂಟರ್ ನನಗೆ ತಿಳಿಯದು. ಆದರೆ ಎಷ್ಟು ಜನಕ್ಕೆ ಅಡಿಗೆ ಎಂದು ಕೇಳದೆ ಅಕ್ಕಿ ಅಳೆಯಬಾರದೆಂಬುದು ತಿಳಿದಿದೆ. "ಆಡೂದು ಯಾವ ಆಟ?" ಎಂದು ಕೇಳಿದೆ. ವ್ಯಾಲೊರಂಟ್ ಅಂತೆ. 2020ರಲ್ಲಿ ಬಂದ ಆಟ, ಪುಕ್ಕಟೆ, ಯಂತ್ರಕ್ಕೆ ಹಗುರ. ಹಾಗಾದರೆ 25,000ದ ಗ್ರಾಫಿಕ್ಸ್ ಕಾರ್ಡ್ ಯಾಕೆ? ಮಗಳು ಎರಡು ದಿನ ಓದಿ ಬಂದು ತಾನೇ ಹೇಳಿದಳು: ರೈಜನ್ 5 5600ಜಿ ಎಂಬ ಪ್ರೊಸೆಸರ್‌ನಲ್ಲಿ ಚಿತ್ರ ತೋರಿಸುವ ಶಕ್ತಿಯೂ ಒಳಗೇ ಇದೆ, ಈ ಆಟಕ್ಕೆ ಅಷ್ಟು ಸಾಕು, ಕಾರ್ಡನ್ನು ಮುಂದೆ ಯಾವಾಗಾದರೂ ಸೇರಿಸಬಹುದು. ಆದರೆ ಅದಕ್ಕೆ ಸ್ವಂತ ಮೆಮೊರಿ ಇಲ್ಲ, ರ‍್ಯಾಮ್‌ನಲ್ಲೇ ಪಾಲು ಕೇಳುತ್ತದೆ. ಆದ್ದರಿಂದ 16 ಜಿ.ಬಿ.ಯ ಒಂದು ಪಟ್ಟಿಯ ಬದಲು 8ರ ಎರಡು ಹಾಕಬೇಕು. ಒಂದೇ ಕೊಡ ಹೊರುವುದಕ್ಕಿಂತ ಎರಡೂ ಕೈಯಲ್ಲಿ ಬಿಂದಿಗೆ ಹಿಡಿದಂತೆ ಎಂದು ನಾನು ತಿಳಿದುಕೊಂಡೆ.

ಹೊಸ ಮಾನಿಟರ್‌ನ 11,000ವೂ ಹೋಯಿತು. ಪಡಸಾಲೆಯ ಟಿ.ವಿ. ಇದೆಯಲ್ಲ! ಅದು ಸೆಕೆಂಡಿಗೆ 60 ಚಿತ್ರ ತೋರಿಸುತ್ತದೆ; ಯಂತ್ರ 144 ಕೊಟ್ಟರೂ ಕಣ್ಣಿಗೆ ಬೀಳುವುದು 60 ಮಾತ್ರ. ಬಣ್ಣದ ದೀಪಗಳ ಪೆಟ್ಟಿಗೆಗೂ ಬೇಡವೆಂದೆವು. ಇಲ್ಲಿ ಮಗಳ ಮುಖ ಸ್ವಲ್ಪ ಸಣ್ಣದಾಯಿತು, ಸುಳ್ಳೇಕೆ.

ಹಳೆಯ ಕಾರ್ಡ್ ಅಗ್ಗಕ್ಕೆ ಸಿಗುತ್ತದೆಂದು ಯಾರೋ ಆಸೆ ಹಚ್ಚಿದರು. 2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಂ ಎಂಬ ಡಿಜಿಟಲ್ ನಾಣ್ಯವನ್ನು ಕಾರ್ಡ್‌ಗಳಿಂದ ಗಳಿಸುವ ದಾರಿ ಮುಚ್ಚಿತು. ಅಲ್ಲಿಯವರೆಗೆ ಹಗಲೂ ರಾತ್ರಿ ದುಡಿದ ಕಾರ್ಡ್‌ಗಳು ಪೇಟೆಗೆ ಬಂದವು. ಹತ್ತು ವರ್ಷ ಓಡಿದ ಪಂಪ್‌ಸೆಟ್ಟಿಗೆ ಬಣ್ಣ ಹಚ್ಚಿ ಮಾರಿದಂತೆಯೇ ಅದು ಎಂದೆನಿಸಿ ಬಿಟ್ಟೆವು.

ಖರೀದಿಗೆ ಮಿರಜ ನಮಗೆ ಹತ್ತಿರ. ಆದರೆ 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯ ಪುಕ್ಕಟೆ ಪ್ರಯಾಣ ಕರ್ನಾಟಕದ ಗಡಿಯೊಳಗೆ ಮಾತ್ರ. ಹೀಗಾಗಿ ತಾಯಿ ಮಗಳು ಆಧಾರ್ ಕಾರ್ಡ್ ಹಿಡಿದು, ರೊಟ್ಟಿ ಶೇಂಗಾ ಚಟ್ನಿ ಕಟ್ಟಿಕೊಂಡು ಕೆಂಪು ಬಸ್ಸಿನಲ್ಲಿ ಬೆಂಗಳೂರಿಗೇ ಹೋದೆವು. ಎಸ್.ಪಿ. ರೋಡಿನ ಇಕ್ಕಟ್ಟಿನಲ್ಲಿ ಮಗಳು ನಾಲ್ಕು ಅಂಗಡಿ ದರ ಕೇಳಿ, ಸೀಲು ನೋಡಿ, ಬಿಲ್ ಬರೆಸಿ ಕೊಂಡಳು. ನಾನು ಚೀಲ ಹಿಡಿದು ಹಿಂದೆ ನಿಂತಿದ್ದೆ. ಸೀರೆ ಅಂಗಡಿಯಲ್ಲಿ ಇಷ್ಟು ವರ್ಷ ಆಕೆ ನಿಂತಂತೆ.

ಪೆಟ್ಟಿಗೆ ಮಾತ್ರ ದೊಡ್ಡದು, ಬಸ್ಸಿನಲ್ಲಿ ಹಿಡಿಸದು. ಅದನ್ನು ನಮ್ಮ ಕಡೆಯ ಒಂದು ಅಂಗಡಿಯಲ್ಲಿ ತೆಗೆದುಕೊಂಡೆವು. ಅದರೊಳಗೆ ಪವರ್ ಸಪ್ಲೈ ಹಾಕಿಯೇ ಕೊಟ್ಟರು. ಬಿಲ್ ಬೇಡವೆಂದರೆ ಇನ್ನಷ್ಟು ಕಡಿಮೆ. ಮಗಳು ನನ್ನ ಸೆರಗು ಜಗ್ಗಿದಳು. "ಅವ್ವಾ, ಇದೊಂದು ಬ್ಯಾಡ. ಒಳ್ಳೇ ಸಪ್ಲೈ 3,600ಕ್ಕ ಸಿಗತೈತಿ." ಎಲ್ಲ ಕಡೆ ಉಳಿಸಿದ ಉಮೇದು ನನಗೆ. "ಕರೆಂಟ್ ಕೊಡೂ ಡಬ್ಬಿ, ಯಾವುದಾದ್ರೇನು?" ಎಂದೆ. ಸುಮಾರು 2,600 ಉಳಿಯಿತು. ಎಲ್ಲ ಸೇರಿ 29,400.

ಊಟದ ಮೇಜಿನ ಮೇಲೆ ಇಡೀ ಒಂದು ರವಿವಾರ ಜೋಡಿಸಿದಳು. ಟಿ.ವಿ.ಯಲ್ಲಿ ಅಕ್ಷರ ಮೂಡಿದಾಗ ಅತ್ತೆಯವರೂ ಎದ್ದು ಬಂದು ನೋಡಿದರು.

ಹದಿನೈದನೆಯ ದಿನ ಸಂಜೆ, ಹೊಲಗಳ ಪಂಪ್‌ಸೆಟ್‌ಗಳೆಲ್ಲ ಒಮ್ಮೆಲೇ ಶುರುವಾಗಿ ದೀಪ ಮಂಕಾದವು, ಮತ್ತೆ ಭಗ್ಗನೆ ಉರಿದವು. ಪೆಟ್ಟಿಗೆಯಲ್ಲಿ ಟಪ್ ಎಂದಿತು, ಸುಟ್ಟ ವಾಸನೆ. ಮನೆಗೆ ಬರುವ 230 ವೋಲ್ಟನ್ನು 12ಕ್ಕೆ, 5ಕ್ಕೆ ಇಳಿಸಿ ಅಳತೆ ತಪ್ಪದಂತೆ ಬಡಿಸುವುದೇ ಆ ಡಬ್ಬಿಯ ಕೆಲಸ. ಒಳ್ಳೆಯದಾಗಿದ್ದರೆ ಹೆಚ್ಚು ಕಡಿಮೆಯಾದಾಗ ತಾನೇ ಬಂದಾಗಿ ಉಳಿದವನ್ನು ಕಾಯುತ್ತದೆ. ನಮ್ಮದು ಸಾಯುವಾಗ ಮದರ್‌ಬೋರ್ಡನ್ನೂ ಕರೆದುಕೊಂಡು ಹೋಯಿತು. ಬೋರ್ಡಿಗೆ ಬಿಲ್ ಇತ್ತು, ವಾರಂಟಿ ಇತ್ತು; ಸುಟ್ಟದ್ದಕ್ಕೆ ಅದು ಅನ್ವಯಿಸುವುದಿಲ್ಲ ಎಂದರು. ಡಬ್ಬಿಗಂತೂ ಬಿಲ್ಲೇ ಇಲ್ಲ, ಯಾರನ್ನು ಕೇಳಲಿ?

ಮಗಳು ಒಂದು ಮಾತೂ ಆಡಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು. ತಿರುಪುಗಳನ್ನು ಒಂದೊಂದಾಗಿ ಬಿಚ್ಚಿ ಬಟ್ಟಲಲ್ಲಿ ಹಾಕಿ, ಊಟ ಮಾಡದೆ ಮಲಗಿದಳು. ನನಗೂ ನಿದ್ದೆ ಬರಲಿಲ್ಲ. ಬೆಳಿಗ್ಗೆ ಅಕ್ಕಿ ಡಬ್ಬಿಯಿಂದ ಉಳಿದ ದುಡ್ಡು ತೆಗೆದು ಅವಳ ಮುಂದಿಟ್ಟೆ. ಬೋರ್ಡಿಗೆ 7,000, ಬಿಲ್ಲಿನ ಸಮೇತ ಸಪ್ಲೈಗೆ 3,600. ಭೀಶಿಯ ದುಡ್ಡು ಅಲ್ಲಿಗೆ ಪೂರಾ ಆಯಿತು.

ಒಂದು ಕಡೆ ಮಾತ್ರ ದೈವ ಕೈ ಹಿಡಿಯಿತು. 2025ರ ಕೊನೆಗೆ ಎ.ಐ. ಕೇಂದ್ರಗಳಿಗೆಂದು ಮೆಮೊರಿ ಚಿಪ್‌ಗಳೆಲ್ಲ ಅತ್ತ ಹರಿದು, ರ‍್ಯಾಮ್‌ನ ಬೆಲೆ ಎರಡು ಪಟ್ಟು ದಾಟಿತು. ಕಬ್ಬಿನ ಬಿಲ್ಲಿಗೆ ಕಾದಿದ್ದರೆ ಅದೂ ತಪ್ಪುತ್ತಿತ್ತು.

ಮೊನ್ನೆ ಮಗಳು ಪೆಟ್ಟಿಗೆಯ ಬದಿಯ ಹಲಗೆ ತೆಗೆದು ಧೂಳು ಒರೆಸುತ್ತಿದ್ದಳು. ಬೋರ್ಡಿನ ಮೇಲೆ ಉದ್ದನೆಯದೊಂದು ಜಾಗ ಖಾಲಿ ಇತ್ತು. ಏನದು ಎಂದೆ. "ಕಾರ್ಡ್ ಕೂಡೂ ಜಾಗ" ಎಂದು ನಕ್ಕಳು.

"ಮೊದಲ ನನ್ನ ಪಾಟಲಿ" ಎಂದೆ.

"ಆಗಲಿ ಅವ್ವಾ, ಬಿಲ್ ಮಾತ್ರ ತಗೊ."