ತಿಂಗಳ ಕೊನೆಯ ಬ್ಯಾಚ್

ರಾತ್ರಿ ಹನ್ನೊಂದೂವರೆ. ಬೆಂಗಳೂರಿನ ನಂದಿನಿ ಲೇಔಟಿನ ಎರಡನೇ ಮಹಡಿಯ ಕೋಣೆ. ರಿಂಗ್ ರೋಡಿನಲ್ಲಿ ಗೊರಗುಂಟೆಪಾಳ್ಯದ ಕಡೆ ಹೊರಟ ಲಾರಿಗಳ ಸದ್ದು. ಯಾವುದೋ ಬ್ಯಾಂಕಿನ ತಿಂಗಳ ಕೊನೆಯ ಬಡ್ಡಿ ಲೆಕ್ಕ ಅರ್ಧಕ್ಕೇ ನಿಂತಿದೆ, ನೀವು ಅದರ ಡೇಟಾಬೇಸ್ ನೋಡಿಕೊಳ್ಳುವ ಡಿಬಿಎ. ಸರ್ವರಿಗೆ ಲಾಗಿನ್ ಆಗಲಿಕ್ಕೇ ಅರ್ಧ ನಿಮಿಷ ಹಿಡಿಯುತ್ತಿದೆ.

ಹೆಡ್‌ಫೋನಿನಲ್ಲಿ ಎರಡು ದನಿ. “ಮೇಡಂ, ಡೇಟಾಬೇಸಲ್ಲಿ ಏನೂ ತೊಂದ್ರೆ ಇಲ್ಲ, ಓಎಸ್‌ನವರನ್ನ ಕೇಳಿ.” “ಓಎಸ್ ಸರಿಯಾಗೇ ಇದೆ ಮೇಡಂ, ಮೆಮೊರಿ ಎಲ್ಲ ತಿಂತಿರೋದು ಡೇಟಾಬೇಸೇ.” ಎರಡೂ ಕಡೆ ಟಿಕೆಟ್ ಹಾಕಿಯಾಗಿದೆ. ಬ್ಯಾಂಕಿನವರು ಮಾತ್ರ ನಿಮ್ಮನ್ನೇ ಕೇಳುತ್ತಿದ್ದಾರೆ: “ಬೆಳಿಗ್ಗೆ ಬ್ರಾಂಚ್ ತೆಗೀಬಹುದಾ?”

ಲಿನಕ್ಸಿನ ಮೆಮೊರಿ ಲೆಕ್ಕ ತೋರಿಸುವ ಮೆಮ್‌ಇನ್ಫೋ ತೆರೆಯುತ್ತೀರಿ. ಸಾಲುಗಳು ನಿಧಾನವಾಗಿ ಇಳಿಯುತ್ತವೆ. ‘ಹ್ಯೂಜ್‌ಪೇಜಸ್’ ಎದುರು ಸೊನ್ನೆ. ‘ಪೇಜ್‌ಟೇಬಲ್ಸ್’ ಎದುರು ಕೆಬಿಯಲ್ಲಿ ಉದ್ದದ ಅಂಕಿ. ಭಾಗಿಸಿದರೆ ಹತ್ತಿರ ಹತ್ತಿರ 40 ಜಿಬಿ.

ಲಿನಕ್ಸ್ ಸಾಮಾನ್ಯವಾಗಿ ಮೆಮೊರಿಯನ್ನು 4 ಕೆಬಿ ಪುಟಗಳಾಗಿ ಹಂಚುತ್ತದೆ. ಈ ಡೇಟಾಬೇಸಿನ ಪ್ರೊಸೆಸ್‌ಗಳೆಲ್ಲ ಒಟ್ಟಾಗಿ ಬಳಸುವ ಮೆಮೊರಿ 64 ಜಿಬಿ, ಅಂದರೆ 1.67 ಕೋಟಿಗೂ ಹೆಚ್ಚು ಪುಟ. ಯಾವ ಪುಟ ಎಲ್ಲಿದೆ ಎಂದು ಬರೆದಿಡಲು ತಲಾ 8 ಬೈಟ್, ಒಟ್ಟು 128 ಎಂಬಿ. ಈ ಪಟ್ಟಿಯನ್ನು ಪ್ರತಿ ಪ್ರೊಸೆಸ್ಸೂ ತನಗೇ ಬೇರೆಯಾಗಿ ಇಟ್ಟುಕೊಳ್ಳುತ್ತದೆ. 500 ಪ್ರೊಸೆಸ್ ಪೂರ್ತಿ ಮೆಮೊರಿಯನ್ನು ಮುಟ್ಟಿದರೆ ಬರೀ ಪಟ್ಟಿಗೇ 60 ಜಿಬಿ ದಾಟುತ್ತದೆ. ಪುಟದ ಅಳತೆ 2 ಎಂಬಿ ಆಗಿದ್ದರೆ (ಹ್ಯೂಜ್‌ಪೇಜ್ ಎಂದರೆ ಇದೇ) 32,768 ಪುಟ ಸಾಕಿತ್ತು.

ಫೋನಿನಲ್ಲಿ ಇಬ್ಬರೂ ಹೇಳಿದ್ದು ನಿಜವೇ. ಕೆಟ್ಟದ್ದು ಎರಡರ ನಡುವಿನ ಬದುವಿನಲ್ಲಿ, ಅದು ಯಾರ ಟಿಕೆಟ್ಟಿಗೂ ಸೇರುವುದಿಲ್ಲ.

2006ರ ಅಕ್ಟೋಬರ್ 25ರಂದು ಡೇಟಾಬೇಸ್ ಕಂಪನಿ ಒರಾಕಲ್‌ನ ಅಂದಿನ ಮುಖ್ಯಸ್ಥ ಲ್ಯಾರಿ ಎಲ್ಲಿಸನ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕಂಪನಿಯದೇ ಲಿನಕ್ಸ್ ಬೆಂಬಲ ಘೋಷಿಸಿದಾಗ ಮಾರಲು ಹೊರಟದ್ದು ಈ ಬದುವಿನ ಜವಾಬ್ದಾರಿಯನ್ನೇ. ಆ ಲಿನಕ್ಸ್ ರೆಡ್ ಹ್ಯಾಟ್ ಕಂಪನಿಯ ಲಿನಕ್ಸಿನ ಮೂಲ ಕೋಡಿನಿಂದಲೇ ಕಟ್ಟಿದ್ದು. ಲಿನಕ್ಸಿನ ಜಿಪಿಎಲ್ ಪರವಾನಗಿ ಅದಕ್ಕೆ ಅಡ್ಡ ಬರುವುದಿಲ್ಲ. ಬೆಂಬಲದ ದರ ಆಗ ರೆಡ್ ಹ್ಯಾಟ್‌ಗಿಂತ ಕಡಿಮೆಯಿತ್ತು. ವ್ಯಾಪಾರದ ಪೈಪೋಟಿ ಇದ್ದೇ ಇತ್ತು: ಅದೇ ವರ್ಷ ರೆಡ್ ಹ್ಯಾಟ್ ಮಿಡಲ್‌ವೇರ್ ಕಂಪನಿ ಜೆಬಾಸ್ ಕೊಂಡು ಒರಾಕಲ್‌ನ ಮಿಡಲ್‌ವೇರ್ ಅಂಗಳಕ್ಕೆ ಕಾಲಿಟ್ಟಿತ್ತು. ಆದರೆ ಬರೀ ಪೈಪೋಟಿಯಾಗಿದ್ದರೆ 2010ರಲ್ಲಿ ಒರಾಕಲ್‌ಗೆ ತನ್ನದೇ ಕರ್ನಲ್ ಹೊರತರುವಷ್ಟು ಕಷ್ಟ ಬೇಕಿರಲಿಲ್ಲ. ಡಿಸ್ಕ್, ಮೆಮೊರಿ, ನೆಟ್‌ವರ್ಕ್ ಕೊಡುವುದು ಕರ್ನಲ್. ಅದರ ತಿದ್ದುಪಡಿಗೆ ಬೇರೆಯವರ ಬಾಗಿಲು ಕಾಯುವುದು ಡೇಟಾಬೇಸ್ ಮಾರುವವರಿಗೆ ನಿಜಕ್ಕೂ ಕಷ್ಟ. ಡೇಟಾಬೇಸ್ ಜೊತೆಗೇ ಬರುವ ಎಕ್ಸಾಡೇಟಾದಂಥ ಪೂರ್ತಿ ಯಂತ್ರ ಮಾರುವಾಗಂತೂ ಇನ್ನೂ ಕಷ್ಟ.

ಒಂದು ಮಾತು ಸ್ಪಷ್ಟವಾಗಿರಲಿ. ಒರಾಕಲ್ ಲಿನಕ್ಸಿನ ‘ಪ್ರೀಇನ್‌ಸ್ಟಾಲ್’ ಪ್ಯಾಕೇಜು ಸೆಮಾಫೋರ್, ಷೇರ್ಡ್ ಮೆಮೊರಿ ಮಿತಿ, ಬಳಕೆದಾರರ ಖಾತೆ ಎಲ್ಲ ತಾನೇ ಸಿದ್ಧಮಾಡುತ್ತದೆ, ಆದರೆ ಹ್ಯೂಜ್‌ಪೇಜಸ್ ಎಷ್ಟು ಬೇಕೆಂಬ ಲೆಕ್ಕ ಅಲ್ಲೂ ಡಿಬಿಎಯದೇ. ಅಂಥ ಲಿನಕ್ಸ್ ಇದ್ದಿದ್ದರೆ ಈ ರಾತ್ರಿಯ ತೊಂದರೆ ತಪ್ಪುತ್ತಿತ್ತೆಂದು ಹೇಳಲಾಗದು. ತಪ್ಪುತ್ತಿದ್ದದ್ದು ಜಗಳ: ಟಿಕೆಟ್ ಒಂದೇ, ಉತ್ತರ ಕೊಡಬೇಕಾದವರೂ ಒಬ್ಬರೇ.

ನೀವು ಹ್ಯೂಜ್‌ಪೇಜಸ್ ಸಂಖ್ಯೆಯನ್ನು 33,000ಕ್ಕೆ ಏರಿಸಿ, ಬ್ಯಾಂಕಿನಿಂದ ರೀಸ್ಟಾರ್ಟಿಗೆ ಒಪ್ಪಿಗೆ ಕೇಳುತ್ತೀರಿ. ಒಂದೂಕಾಲಿಗೆ ಡೇಟಾಬೇಸ್ ಮೇಲೇಳುತ್ತದೆ, ಪೇಜ್‌ಟೇಬಲ್ಸ್ ಕೆಲವು ನೂರು ಎಂಬಿಗೆ ಇಳಿದಿದೆ, ಬ್ಯಾಚ್ ಮತ್ತೆ ಓಡುತ್ತಿದೆ. ಬ್ಯಾಂಕಿನವರ ಹೊಸ ಪ್ರಶ್ನೆ: “ಮೇಡಂ, ಮುಂದಿನ ಸರ್ವರಿಗೆ ಯಾವ ಲಿನಕ್ಸ್ ಹಾಕಿಸೋಣ?”